ಕೂಲಿಯ ಜಾಗಕ್ಕೆ ಬಂದು ಕೂತ ಸಾಲ

ಭಾರತದ ಕುಟುಂಬಗಳ ಸಾಲದ ಬಗ್ಗೆ ಅಧಿಕಾರಸ್ಥರ ವಲಯದಲ್ಲಿ ಒಂದು ನೆಮ್ಮದಿಯ ಮಾತು ಚಾಲ್ತಿಯಲ್ಲಿದೆ. ಸಾಲ ಏರುತ್ತಿರುವುದು ನಿಜ, ಆದರೆ ಹೆದರುವಂಥದ್ದೇನೂ ಇಲ್ಲ ಎಂಬುದು ಆ ಮಾತು. ರಿಸರ್ವ್ ಬ್ಯಾಂಕಿನ 2025ರ ಜೂನ್ ತಿಂಗಳ ಹಣಕಾಸು ಸ್ಥಿರತೆ ವರದಿಯ ಪ್ರಕಾರ 2024ರ ಡಿಸೆಂಬರ್ ಕೊನೆಗೆ ಕುಟುಂಬಗಳ ಸಾಲ ಜಿಡಿಪಿಯ ಶೇ. 41.9ರಷ್ಟಿತ್ತು, ಬೆಳೆಯುತ್ತಿರುವ ಇತರ ದೇಶಗಳಿಗೆ ಹೋಲಿಸಿದರೆ ಇದು ಕಡಿಮೆ. ಈ ಒಂದು ಹೋಲಿಕೆಯ ಮೇಲೆ ಉಳಿದ ನಂಬಿಕೆಗಳೆಲ್ಲ ನಿಂತಿವೆ. ಬಡವರಿಗೆ ಸಾಲ ಸಿಗುವುದೇ ಏಳಿಗೆಯ ಗುರುತು. ಜನ ಖರ್ಚಿಗೆ ಹಿಂಜರಿದರೆ ಇನ್ನಷ್ಟು ಸಾಲ ಕೊಟ್ಟು, ಒಂದಿಷ್ಟು ತೆರಿಗೆ ಇಳಿಸಿ ಅವರನ್ನು ಮತ್ತೆ ಅಂಗಡಿಗೆ ಕರೆತರಬಹುದು. ಇಷ್ಟಾದರೂ ತೀರಿಸಲಾಗದವರು ದುಂದುಗಾರರು. ಮಂತ್ರಿಗಳು, ಬ್ಯಾಂಕಿನವರು, ಪತ್ರಿಕೆಗಳ ವಾಣಿಜ್ಯ ಪುಟಗಳು ಇದನ್ನು ಎಷ್ಟು ಸಲ ಹೇಳಿವೆಯೆಂದರೆ ಪುರಾವೆ ಕೇಳುವವರೇ ಇಲ್ಲವಾಗಿದ್ದಾರೆ. ಈ ನಂಬಿಕೆ ತಪ್ಪು. ಅದಕ್ಕಿಂತ ಹೆಚ್ಚಾಗಿ, ಅದು ಜನರನ್ನು ಹಾಳು ಮಾಡುತ್ತಿದೆ.

ಅದೇ ವರದಿಯ ಇನ್ನೊಂದು ಅಂಕಿ ಅಷ್ಟಾಗಿ ಸುದ್ದಿಯಾಗುವುದಿಲ್ಲ. 2025ರ ಮಾರ್ಚ್ ಹೊತ್ತಿಗೆ ಕುಟುಂಬಗಳ ಸಾಲದಲ್ಲಿ ಶೇ. 54.9 ಭಾಗ ಮನೆ ಕಟ್ಟಲು, ಕೊಳ್ಳಲು ಪಡೆದದ್ದಲ್ಲ. ಬಹುಪಾಲು ಬಳಕೆಗೆಂದೇ ತೆಗೆದುಕೊಂಡ ಚಿಲ್ಲರೆ ಸಾಲ. ಇತರ ದೇಶಗಳ ಕುಟುಂಬ ಸಾಲದ ಹಿಂದೆ ಸಾಮಾನ್ಯವಾಗಿ ಒಂದು ಮನೆಯಾದರೂ ಇರುತ್ತದೆ. ಇಲ್ಲಿಯ ಅರ್ಧಕ್ಕಿಂತ ಹೆಚ್ಚಿನ ಸಾಲದ ಹಿಂದೆ ಅಂಥ ಆಸ್ತಿಯಿಲ್ಲ. ಕಂತಿನ ಲೆಕ್ಕ ಹಾಕಿದರೆ ಹೋಲಿಕೆಯ ಬಂಡವಾಳ ಪೂರ್ತಿ ಬಯಲಾಗುತ್ತದೆ. ಒಂದು ಲಕ್ಷ ರೂಪಾಯಿ ಗೃಹಸಾಲವನ್ನು ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ಪಡೆದವರು ತಿಂಗಳಿಗೆ ಸುಮಾರು 870 ರೂಪಾಯಿ ಕಟ್ಟುತ್ತಾರೆ. ಅದೇ ಒಂದು ಲಕ್ಷವನ್ನು ಶೇ. 24ಕ್ಕೆ ಎರಡು ವರ್ಷದ ಅವಧಿಗೆ ಗುಂಪು ಸಾಲವಾಗಿ ಪಡೆದ ಹೆಂಗಸು ಸುಮಾರು 5,290 ರೂಪಾಯಿ ಕಟ್ಟಬೇಕು. ಜಿಡಿಪಿಯ ಕನ್ನಡಕಕ್ಕೆ ಎರಡೂ ಒಂದೊಂದು ಲಕ್ಷವೇ. ಆರು ಪಟ್ಟು ಭಾರ ಹೊತ್ತವಳಿಗೂ ಒಂದು ಪಟ್ಟು ಹೊತ್ತವನಿಗೂ ವ್ಯತ್ಯಾಸ ಕಾಣದ ಅಳತೆಗೋಲಿನಿಂದ ಯಾರ ಸುರಕ್ಷತೆಯನ್ನು ಅಳೆಯಲಾಗುತ್ತಿದೆ?

ಈ ಲೆಕ್ಕವನ್ನು ಪರೀಕ್ಷಿಸಲು ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಕಂಬೈನಲ್ಲೂರು ಸೀಮೆ ತಕ್ಕ ಜಾಗ. ನಂದಿಬೆಟ್ಟದ ಕಡೆಯಿಂದ ಇಳಿದು ಬರುವ ದಕ್ಷಿಣ ಪಿನಾಕಿನಿ, ತಮಿಳರ ತೆನ್‌ಪೆಣ್ಣೆ, ಈ ಪಟ್ಟಣ ಪಂಚಾಯಿತಿಗೆ ದೂರದ್ದೇನಲ್ಲ. ಆದರೂ ಜಿಲ್ಲೆಯ ಬೇಸಾಯದ ದೊಡ್ಡ ಪಾಲು ಮಳೆಯನ್ನೋ ಕೊಳವೆಬಾವಿಯನ್ನೋ ನಂಬಿದ್ದು. ರಾಗಿ, ಮರಗೆಣಸು, ಮಾವು, ಟೊಮೇಟೊ, ರೇಷ್ಮೆಗೂಡು ಇಲ್ಲಿಯ ಆದಾಯ. ಅದು ಸಾಲದೆ ಬಂದಾಗ ಹೊಸೂರು, ಬೆಂಗಳೂರು, ತಿರುಪ್ಪೂರುಗಳ ಕೂಲಿ. ಸೇಲಂ, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ದೇವಾಂಗ ನೇಕಾರರು, ಒಕ್ಕಲಿಗರು, ಕುರುಬರು ಅಕ್ಕಪಕ್ಕದ ತಮಿಳು ಮನೆಗಳವರಂತೆಯೇ ಈ ಆದಾಯದಲ್ಲಿ ಬದುಕುತ್ತಾರೆ. ಮಗ್ಗದವರಿಗಂತೂ ಸಾಲ ಹೊರಗಿನಿಂದ ಬರಬೇಕಾದದ್ದೇ ಅಲ್ಲ. 1997ರವರೆಗೆ ಸೇಲಂ ಜಿಲ್ಲೆಗೇ ಸೇರಿದ್ದ ಕುಮಾರಪಾಳ್ಯದ ವಿದ್ಯುತ್ ಮಗ್ಗಗಳಲ್ಲಿ ಕೆಲಸಗಾರನನ್ನು ಮಾಲೀಕನಿಗೆ ಕಟ್ಟಿಹಾಕುವುದು ಮುಂಗಡ. ಅದು ತೀರುವವರೆಗೆ ಬೇರೆ ಮಗ್ಗದ ಕಡೆ ತಿರುಗುವಂತಿಲ್ಲ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ.

ಇಲ್ಲಿಯ ಸಾಲ ನಿನ್ನೆ ಮೊನ್ನೆಯ ಮೊಬೈಲ್ ಫೋನಿನ ಜೊತೆ ಬಂದದ್ದೂ ಅಲ್ಲ. 1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಸೀಮೆಯನ್ನು ಪಡೆದ ಕಂಪನಿ ಸರ್ಕಾರ ಅಲೆಕ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೋ ಅವರ ಕೈಯಲ್ಲಿ ರೈತನಿಂದ ನೇರವಾಗಿ ವಸೂಲು ಮಾಡುವ ರಯತವಾರಿ ಕಂದಾಯವನ್ನು ಮೊದಲು ಪ್ರಯೋಗಿಸಿದ್ದು ಇದೇ ನೆಲದಲ್ಲಿ. ಅಂದಿನಿಂದಲೂ ತೊಡಕು ಒಂದೇ. ಆದಾಯ ಮಳೆಯನ್ನು ನೋಡಿಕೊಂಡು ಬರುತ್ತದೆ, ಕಟ್ಟಬೇಕಾದ ಹಣ ಮಾತ್ರ ಕ್ಯಾಲೆಂಡರ್ ನೋಡಿಕೊಂಡು ಬರುತ್ತದೆ.

ಇದಕ್ಕೆ ಉತ್ತರ ಹುಡುಕುವ ಒಂದು ಒಳ್ಳೆಯ ಪ್ರಯತ್ನವೂ ಇದೇ ಜಿಲ್ಲೆಯಲ್ಲಿ ನಡೆಯಿತು. ತಮಿಳುನಾಡಿನಲ್ಲಿ ಮಹಿಳಾ ಸ್ವಸಹಾಯ ಗುಂಪುಗಳನ್ನು ಸರ್ಕಾರ ಮೊದಲು ಕಟ್ಟಿದ್ದು 1989ರಲ್ಲಿ, ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನಿಂದ, ಧರ್ಮಪುರಿಯಲ್ಲಿ. ಆ ಗುಂಪುಗಳ ಕ್ರಮದಲ್ಲಿ ಉಳಿತಾಯ ಮೊದಲು, ಸಾಲ ಆಮೇಲೆ. ಹೆಂಗಸರು ಸಣ್ಣ ಮೊತ್ತಗಳನ್ನು ಕೂಡಿಡುತ್ತಿದ್ದರು, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುತ್ತಿದ್ದರು, ಬಂದ ಬಡ್ಡಿ ಮತ್ತೆ ಅವರದೇ ಗಂಟಿಗೆ ಸೇರುತ್ತಿತ್ತು. ಕಿರು ಹಣಕಾಸು ಕಂಪನಿಗಳು ಆ ಗುಂಪಿನ ಹೊರರೂಪವನ್ನಷ್ಟೇ ಎತ್ತಿಕೊಂಡವು, ಒಳಗಿನ ಕ್ರಮವನ್ನು ತಲೆಕೆಳಗು ಮಾಡಿದವು. ಈಗ ಸಾಲವೇ ಮೊದಲು. ಉಳಿತಾಯ ಎಂಬುದು ಇಲ್ಲವೇ ಇಲ್ಲ. ಬಡ್ಡಿ ಊರು ಬಿಟ್ಟು ಹೋಗುತ್ತದೆ. ಉಳಿದಿರುವುದು ಪರಸ್ಪರ ಜಾಮೀನು ಮಾತ್ರ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಹಾಗಾಗಿ ವಸೂಲಿಯ ಕೆಲಸವನ್ನು ನೆರೆಮನೆಯವಳೇ ಸಂಬಳವಿಲ್ಲದೆ ಮಾಡಿಕೊಡುತ್ತಾಳೆ. ಗೆಳೆತನವನ್ನು ಹೀಗೆ ಅಡವಿಟ್ಟುಕೊಂಡು ಸಾಧಿಸಿದ ಮರುಪಾವತಿಯ ಪ್ರಮಾಣವನ್ನು ಹೂಡಿಕೆದಾರರ ಮುಂದೆ ಬಡವರ ಪ್ರಾಮಾಣಿಕತೆಗೆ ಸಾಕ್ಷಿಯೆಂದು ಇಡಲಾಗುತ್ತದೆ. ವ್ಯವಸ್ಥೆಯ ಹೆಸರು ಆರ್ಥಿಕ ಒಳಗೊಳ್ಳುವಿಕೆ. ಒಳಗೆ ಸೇರಿದವಳು ಹೊರಗೆ ಬರುವ ಬಾಗಿಲು ಯಾವುದು ಎಂದು ಕೇಳಿದವರು ಕಡಿಮೆ.

ಬಾಗಿಲು ಇಲ್ಲವೆಂದಲ್ಲ, ಅದು ಇನ್ನೊಂದು ಸಾಲದ ಮನೆಗೆ ತೆರೆಯುತ್ತದೆ. ಗುಂಪಿನ ಕಂತಿನ ದಿನ ಕೈಯಲ್ಲಿ ದುಡ್ಡಿಲ್ಲದಿದ್ದರೆ ತಂಡಲ್‌ನವನಿದ್ದಾನೆ. ಹತ್ತು ಸಾವಿರದ ಸಾಲವೆಂದು ಬರೆದುಕೊಂಡು, ಬಡ್ಡಿಯನ್ನು ಮೊದಲೇ ಹಿಡಿದು ಎಂಟೂವರೆ ಸಾವಿರ ಕೈಗಿಟ್ಟು, ದಿನಕ್ಕೆ ನೂರರಂತೆ ನೂರು ದಿನ ವಸೂಲು ಮಾಡುವುದು ಈ ವ್ಯವಹಾರದ ರೀತಿ. ದಿನದಿನವೂ ಅಸಲು ಕರಗುವುದನ್ನು ಲೆಕ್ಕಕ್ಕೆ ಹಿಡಿದರೆ ವರ್ಷದ ಬಡ್ಡಿ ಶೇ. 100 ದಾಟುತ್ತದೆ. ತಂಡಲ್ ತೀರಿಸಲು ಕಿವಿಯ ಓಲೆ ಗಿರವಿ ಅಂಗಡಿಗೆ ಹೋಗುತ್ತದೆ. ಓಲೆ ಬಿಡಿಸಿಕೊಳ್ಳಲು ಮತ್ತೊಂದು ಗುಂಪಿನಲ್ಲಿ ಹೆಸರು ಸೇರುತ್ತದೆ. ಬ್ಯಾಂಕುಗಳು ಚಿನ್ನದ ಒಡವೆಯ ಮೇಲೆ ಕೊಟ್ಟ ಸಾಲ 2025ರ ಮಾರ್ಚ್‌ಗೆ ಕೊನೆಯಾದ ಒಂದೇ ವರ್ಷದಲ್ಲಿ ದುಪ್ಪಟ್ಟಾಯಿತು. ಚಿನ್ನದ ಬೆಲೆ ಏರಿತು, ಕೆಲವು ಕೃಷಿ ಸಾಲಗಳನ್ನು ಬೇರೆ ಲೆಕ್ಕಕ್ಕೆ ವರ್ಗಾಯಿಸಲಾಯಿತು ಎಂಬ ಸಮಾಧಾನ ಸಿದ್ಧವಾಗಿಯೇ ಇದೆ. ಬೆಲೆ ಏರಿದಾಗ ಒಡವೆಯನ್ನು ಮೈಮೇಲೆ ಇಟ್ಟುಕೊಳ್ಳಲಾಗದೆ ಅಡವಿಡುವ ಮನೆಯ ಸ್ಥಿತಿ ಏನು ಎಂಬುದಕ್ಕೆ ಆ ಸಮಾಧಾನದಲ್ಲಿ ಜಾಗವಿಲ್ಲ.

ಇನ್ನು ನೀತಿಬೋಧೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಸಾಲಗಾರನಿಗೆ ಸಿಗುವ ಮೊದಲ ಉಪದೇಶ. ಹಾಸಿಗೆಯನ್ನು ವರ್ಷ ವರ್ಷ ಕತ್ತರಿಸುತ್ತಿರುವವರು ಯಾರು ಎಂದು ಉಪದೇಶಕರು ನೋಡುವುದಿಲ್ಲ. 2024-25ರ ಕೇಂದ್ರ ಆರ್ಥಿಕ ಸಮೀಕ್ಷೆಯೇ ಒಪ್ಪಿಕೊಂಡಂತೆ, ಸ್ವಂತ ಕಸುಬಿನ ಗಂಡಸಿನ ಸರಾಸರಿ ಮಾಸಿಕ ಗಳಿಕೆ, ಬೆಲೆ ಏರಿಕೆಯನ್ನು ಕಳೆದು ನೋಡಿದರೆ, 2017-18ರಲ್ಲಿ 9,454 ರೂಪಾಯಿ ಇದ್ದದ್ದು 2023-24ರಲ್ಲಿ 8,591ಕ್ಕೆ ಇಳಿದಿತ್ತು. ಸಂಬಳದಾರ ಗಂಡಸರದ್ದೂ ಇದೇ ಅವಧಿಯಲ್ಲಿ 12,665ರಿಂದ 11,858ಕ್ಕೆ ಬಂತು. ಅದೇ ಸಮೀಕ್ಷೆ 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ. 22.3ರಷ್ಟು ಹೆಚ್ಚಿತೆಂದೂ ಅವು ಕೊಟ್ಟ ಉದ್ಯೋಗ ಶೇ. 1.5ರಷ್ಟು ಮಾತ್ರ ಬೆಳೆಯಿತೆಂದೂ ದಾಖಲಿಸಿತು. ಆರು ವರ್ಷ ದುಡಿದೂ ಗಳಿಕೆ ಇಳಿದ ಮನೆ ಅಕ್ಕಿ, ಶಾಲೆಯ ಶುಲ್ಕ, ಆಸ್ಪತ್ರೆಯ ಬಿಲ್ಲುಗಳನ್ನು ಯಾವುದರಿಂದ ತೂಗಿಸಬೇಕು? ಗಳಿಕೆ ಬಿಟ್ಟ ಜಾಗವನ್ನು ಸಾಲ ತುಂಬಿತು. ದುಂದು ಎಂದು ಕರೆಯುವುದು ಇದನ್ನೇ.

ಕುಡಿತದ ಮಾತೂ ಇದರ ಜೊತೆಗೇ ಬರುತ್ತದೆ. ದೇಶದಲ್ಲಿ ಪಾನನಿಷೇಧದ ಮೊದಲ ಪ್ರಯೋಗಗಳಲ್ಲೊಂದು ನಡೆದದ್ದು 1937ರ ಅಕ್ಟೋಬರ್ 1ರಂದು, ಸೇಲಂ ಜಿಲ್ಲೆಯಲ್ಲಿ; ಇಂದಿನ ಧರ್ಮಪುರಿ ಆಗ ಅದರ ಭಾಗ. ಅದನ್ನು ಜಾರಿಗೆ ತಂದ, ಮದರಾಸು ಪ್ರಾಂತ್ಯದ ಅಂದಿನ ಪ್ರಧಾನಿ ರಾಜಾಜಿ ಹೊಸೂರಿನ ಹತ್ತಿರದ ತೊರಪಳ್ಳಿಯವರು, ಸೇಲಂನಲ್ಲಿ ವಕೀಲಿ ನಡೆಸಿದವರು. ತಪ್ಪಿದ ಅಬಕಾರಿ ಆದಾಯಕ್ಕೆ ಬದಲಾಗಿ 1939ರಲ್ಲಿ ಅವರ ಸರ್ಕಾರ ಮಾರಾಟ ತೆರಿಗೆಯನ್ನು ತಂದಿತು. ಇಂದು ಎರಡೂ ಇವೆ. ಕೊಳ್ಳುವ ಸೋಪಿಗೂ ತೆರಿಗೆ ಉಂಟು. ಮದ್ಯದ ಚಿಲ್ಲರೆ ಅಂಗಡಿಯನ್ನೂ 2003ರಿಂದ ಸರ್ಕಾರದ ಟಾಸ್ಮಾಕ್ ಸಂಸ್ಥೆಯೇ ನಡೆಸುತ್ತದೆ, ಅದರಿಂದ ಖಜಾನೆಗೆ ವರ್ಷಕ್ಕೆ 45,000 ಕೋಟಿ ರೂಪಾಯಿಗೂ ಹೆಚ್ಚು ಬರುತ್ತದೆ. ಕೂಲಿಯವನ ಜೇಬನ್ನು ತನ್ನದೇ ಗಲ್ಲಾಪೆಟ್ಟಿಗೆಯಲ್ಲಿ ಖಾಲಿ ಮಾಡಿಸಿಕೊಳ್ಳುವ ಸರ್ಕಾರಕ್ಕೆ ಅವನ ಶೀಲದ ಬಗ್ಗೆ ಮಾತಾಡುವ ಹಕ್ಕು ಎಲ್ಲಿಂದ ಬಂತು?

ಖರ್ಚು ಕುಸಿದದ್ದನ್ನು ಒಪ್ಪಿಕೊಳ್ಳುವುದಕ್ಕೂ ಆಳುವವರಿಗೆ ಮನಸ್ಸಿಲ್ಲ. 2017-18ರ ರಾಷ್ಟ್ರೀಯ ಬಳಕೆ ವೆಚ್ಚ ಸಮೀಕ್ಷೆ 2011-12ಕ್ಕೆ ಹೋಲಿಸಿದರೆ ತಲಾ ಮಾಸಿಕ ಖರ್ಚು ನೈಜ ಲೆಕ್ಕದಲ್ಲಿ ಶೇ. 3.7ರಷ್ಟು, ಹಳ್ಳಿಗಳಲ್ಲಿ ಶೇ. 8.8ರಷ್ಟು ಇಳಿದಿದೆಯೆಂದು ಹೇಳುತ್ತಿತ್ತು. ಈ ವಿವರ 2019ರ ನವೆಂಬರ್‌ನಲ್ಲಿ ಪತ್ರಿಕೆಯೊಂದಕ್ಕೆ ಸೋರಿಕೆಯಾದಾಗ ಸರ್ಕಾರ ಗುಣಮಟ್ಟದ ನೆಪ ಹೇಳಿ ಇಡೀ ಸಮೀಕ್ಷೆಯನ್ನೇ ಕೈಬಿಟ್ಟಿತು. ಆ ವರ್ಷ ಐದು ರೂಪಾಯಿಯ ಬಿಸ್ಕತ್ತಿಗೂ ಬೇಡಿಕೆ ತಗ್ಗಿದೆಯೆಂದು ಪಾರ್ಲೆ ಕಂಪನಿ ಹೇಳಿತ್ತು. ಆಗ ಬಿಸ್ಕತ್ತಿನ ಮೇಲೆ ಶೇ. 18 ಜಿಎಸ್‌ಟಿ. ಬಡವ ಬಿಸ್ಕತ್ತು ಬಿಟ್ಟದ್ದಕ್ಕೆ ಸರ್ಕಾರ ಆ ಸೆಪ್ಟೆಂಬರ್‌ನಲ್ಲಿ ಕೊಟ್ಟ ಮದ್ದು ಕಂಪನಿಗಳ ಆದಾಯ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸುವುದು. ಬಿಟ್ಟುಕೊಟ್ಟ ಆದಾಯ 1.45 ಲಕ್ಷ ಕೋಟಿ ರೂಪಾಯಿ ಎಂದು ಸರ್ಕಾರವೇ ಹೇಳಿತು. ಬಿಸ್ಕತ್ತಿನ ತೆರಿಗೆ ಇಳಿಯಲು ಇನ್ನೂ ಆರು ವರ್ಷ ಬೇಕಾಯಿತು. ಮುಂದೆ 2022-23ರಲ್ಲಿ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ಜಿಡಿಪಿಯ ಶೇ. 5ರ ಆಸುಪಾಸಿಗೆ, ಹಲವು ದಶಕಗಳ ಕೆಳಮಟ್ಟಕ್ಕೆ ಬಿದ್ದಾಗ ಹಣಕಾಸು ಸಚಿವಾಲಯ ಸಂಕಟವೇನೂ ಇಲ್ಲ, ಜನ ಮನೆ ಮತ್ತು ವಾಹನ ಕೊಳ್ಳುತ್ತಿದ್ದಾರೆ ಎಂದಿತು. ಹಾಗಿದ್ದರೆ ಓಲೆಗಳು ಗಿರವಿ ಅಂಗಡಿಗೆ ಹೋದದ್ದು ಯಾವ ವಾಹನದಲ್ಲಿ?

2025 ತೆರಿಗೆ ಇಳಿಕೆಯ ವರ್ಷ. ಫೆಬ್ರವರಿ ಬಜೆಟ್ಟಿನಲ್ಲಿ ಹನ್ನೆರಡು ಲಕ್ಷದವರೆಗಿನ ವಾರ್ಷಿಕ ಆದಾಯಕ್ಕೆ ತೆರಿಗೆ ಇಲ್ಲವಾಯಿತು. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಇಳಿದವು. ಅದಕ್ಕೆ ಉಳಿತಾಯದ ಉತ್ಸವ ಎಂಬ ಹೆಸರೂ ಬಂತು. ತಿಂಗಳಿಗೆ ಎಂಟೂವರೆ ಸಾವಿರ ಗಳಿಸುವವನಿಗೆ ಹನ್ನೆರಡು ಲಕ್ಷದ ವಿನಾಯಿತಿ ಕೊಟ್ಟದ್ದೇನು? ಸೋಪು, ಬಿಸ್ಕತ್ತುಗಳಲ್ಲಿ ಉಳಿದ ಹತ್ತಿಪ್ಪತ್ತು ರೂಪಾಯಿ ಉತ್ಸವಕ್ಕೆ ಹೋಗುವ ಮುನ್ನ ಕಂತಿಗೆ ಹೋಗುತ್ತದೆ. ಮಹಿಳೆಯರಿಗೆ ತಿಂಗಳಿಗೆ ಸಾವಿರ ರೂಪಾಯಿ ಕೊಡುವ ತಮಿಳುನಾಡಿನ ಯೋಜನೆಯ ಅರ್ಜಿ ಶಿಬಿರಗಳಿಗೆ 2023ರ ಜುಲೈನಲ್ಲಿ ಚಾಲನೆ ಸಿಕ್ಕಿದ್ದು ಇದೇ ಧರ್ಮಪುರಿ ಜಿಲ್ಲೆಯ ತೊಪ್ಪೂರಿನಲ್ಲಿ. ಐದು ಸಾವಿರದ ಇನ್ನೂರ ತೊಂಬತ್ತರ ಕಂತು ಇರುವ ಮನೆಯಲ್ಲಿ ಆ ಸಾವಿರ ಬ್ಯಾಂಕ್ ಖಾತೆಯ ಮೂಲಕ ಹಾದುಹೋಗುತ್ತದೆ, ಅಷ್ಟೆ. ಹಕ್ಕಿನ ಹಣವೆಂದು ಬಂದದ್ದು ಸಾಲಕೊಟ್ಟವನ ಬಡ್ಡಿಯಾಗುವುದನ್ನು ಕಲ್ಯಾಣ ಕಾರ್ಯಕ್ರಮ ಎನ್ನಬೇಕೇ, ಸಾಲದ ಕಂಪನಿಗೆ ಕೊಡುವ ಸಹಾಯಧನ ಎನ್ನಬೇಕೇ?

ಸರ್ಕಾರಗಳೇ ಕೂಲಿಗಳಿಗೆ ಬಾಕಿದಾರರಾಗಿರುವ ಸಂಗತಿ ಇನ್ನೂ ನಾಚಿಕೆಗೇಡಿನದು. ಉದ್ಯೋಗ ಖಾತ್ರಿ ಕಾನೂನಿನಂತೆ ಕೆಲಸ ಮಾಡಿದ ಹದಿನೈದು ದಿನದೊಳಗೆ ಕೂಲಿ ಕೈಸೇರಬೇಕಿತ್ತು. 2025ರ ಜನವರಿಯಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದು 1,056 ಕೋಟಿ ರೂಪಾಯಿ ಕೂಲಿ ಬಿಡುಗಡೆ ಮಾಡಿ ಎಂದು ಕೇಳಬೇಕಾಯಿತು. ಮಣ್ಣು ಹೊತ್ತವರಿಂದ ಬಡ್ಡಿಯಿಲ್ಲದೆ ಪಡೆದ ಸಾವಿರ ಕೋಟಿಯ ಸಾಲ ಇದು. ಅದೇ ತಿಂಗಳುಗಳಲ್ಲಿ ಅವರಲ್ಲಿ ಗುಂಪು ಸಾಲ ಪಡೆದ ಹೆಂಗಸರು ತಮ್ಮ ಕಂತನ್ನು ಒಂದು ದಿನ ತಡ ಮಾಡಿದ್ದರೆ ಮನೆ ಬಾಗಿಲಲ್ಲಿ ಕೂರಲು ಜನ ಬರುತ್ತಿದ್ದರು. ದೇಶದ ಖಜಾನೆಯ ಬಾಗಿಲಲ್ಲಿ ಹೋಗಿ ಕೂರುವವರು ಯಾರು?

ಇಷ್ಟರ ನಡುವೆ ನಿಯಂತ್ರಕರು ಹಾಕಿದ ಮಿತಿಯನ್ನು ನೋಡಬೇಕು. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಕಿರು ಸಾಲದ ನಿಯಮದ ಪ್ರಕಾರ ವರ್ಷಕ್ಕೆ ಮೂರು ಲಕ್ಷದೊಳಗಿನ ಆದಾಯದ ಕುಟುಂಬದ ಎಲ್ಲ ಕಂತುಗಳೂ ಸೇರಿ ಮಾಸಿಕ ಆದಾಯದ ಅರ್ಧವನ್ನು ಮೀರಬಾರದು. ಬಡ್ಡಿಗೆ ಇದ್ದ ಮೇಲ್ಮಿತಿಯನ್ನೂ ಅದೇ ನಿಯಮ ತೆಗೆದುಹಾಕಿತು. ರಕ್ಷಣೆಯೆಂಬಂತೆ ಕೇಳಿಸುವ ಈ ಅರ್ಧವೇ ಅಪರಾಧ. ತಿಂಗಳಿಗೆ 25,000 ಬರುವ ಮನೆ 12,500ನ್ನು ಸಾಲಕ್ಕೆ ಕೊಟ್ಟು ಉಳಿದ 12,500ರಲ್ಲಿ ನಾಲ್ಕೈದು ಜನ ಬದುಕುವುದು ನಿಯಮಬದ್ಧ. ಬೇಡಿಕೆ ಏಕೆ ಕುಸಿಯಿತೆಂದು ಹುಡುಕುವ ಸಮಿತಿಗಳು, ತಜ್ಞರು ಬೇರೆಲ್ಲೂ ಹೋಗಬೇಕಾಗಿಲ್ಲ. ಅಂಗಡಿಗೆ ಬರಬೇಕಿದ್ದ ದುಡ್ಡಿನ ಅರ್ಧವನ್ನು ಬೇರೆ ದಾರಿಗೆ ತಿರುಗಿಸುವ ಅಪ್ಪಣೆ ಅಲ್ಲಿ ಅಚ್ಚಾಗಿದೆ. ಸಾಲದಿಂದ ಬಳಕೆ ಏರುವುದು ಮೊದಲ ತಿಂಗಳು ಮಾತ್ರ. ಅಲ್ಲಿಂದಾಚೆ ಪ್ರತಿ ಕಂತೂ ಬಳಕೆಯನ್ನು ಕಡಿಯುತ್ತದೆ.

ಇದಾದ ಮೇಲೆ, ಸಾಲ ಕೊಡುವ ನಾಲ್ಕು ಕಂಪನಿಗಳು ಹೊಸ ಸಾಲ ಕೊಡದಂತೆ 2024ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ತಡೆಹಾಕಿತು; ಚೆನ್ನೈ ಮೂಲದ ಒಂದು ಕಿರು ಹಣಕಾಸು ಕಂಪನಿಯೂ ಅವುಗಳಲ್ಲಿ ಸೇರಿತ್ತು. 2010ರಲ್ಲಿ ಆಂಧ್ರದಲ್ಲಿ ಇದೇ ವ್ಯವಹಾರ ಆತ್ಮಹತ್ಯೆಗಳಿಗೂ ಸುಗ್ರೀವಾಜ್ಞೆಗೂ ದಾರಿ ಮಾಡಿತ್ತು ಎಂಬ ಪಾಠ ಅಷ್ಟು ಬೇಗ ಮರೆತುಹೋಗಿತ್ತೇ? 2025ರ ಜನವರಿಯ ಹೊತ್ತಿಗೆ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ವಸೂಲಿಗಾರರಿಗೆ ಹೆದರಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಕರ್ನಾಟಕ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ತಮಿಳುನಾಡು ಅದೇ ವರ್ಷ ಕಾಯ್ದೆ ಮಾಡಿತು. ಎರಡೂ ಮುಖ್ಯವಾಗಿ ಬಲವಂತದ ವಸೂಲಿಯನ್ನು ತಡೆಯುವ ಕಾನೂನುಗಳು. ತಮಿಳುನಾಡಿನಲ್ಲಿ ಕಂದುವಟ್ಟಿ, ಮೀಟರ್ ಬಡ್ಡಿ, ತಂಡಲ್ ಎಂಬ ವಿಪರೀತ ಬಡ್ಡಿಯ ಸಾಲಗಳನ್ನು ಹೆಸರಿಟ್ಟು ನಿಷೇಧಿಸಿದ ಕಾಯ್ದೆ 2003ರಿಂದಲೇ ಇತ್ತು. ಅದು ಇದ್ದಾಗಲೇ, 2017ರ ಅಕ್ಟೋಬರ್‌ನಲ್ಲಿ, ಬಡ್ಡಿಯ ಕಾಟ ತಾಳದ ಕುಟುಂಬವೊಂದು ತಿರುನೆಲ್ವೇಲಿಯ ಜಿಲ್ಲಾಧಿಕಾರಿ ಕಚೇರಿಯ ಆವರಣದಲ್ಲೇ ಬೆಂಕಿ ಹಚ್ಚಿಕೊಂಡಿತು. ವಸೂಲಿಗಾರ ಮೆತ್ತಗೆ ಮಾತಾಡಬೇಕೆಂದು ಕಾನೂನು ಹೇಳುತ್ತದೆ. ಆದಾಯದ ಅರ್ಧವನ್ನು ಮೆತ್ತಗೆ ಮಾತಾಡಿ ಒಯ್ದರೆ ಅನ್ನದ ತಟ್ಟೆ ತುಂಬುವುದೇ?

ಸಾಲದ ಶಿಸ್ತು ಕೆಡುತ್ತದೆ ಎಂಬುದು ಕೊನೆಯ ಆಕ್ಷೇಪ. ಬಡವರ ಸಾಲ ಮನ್ನಾ ಮಾಡಿದರೆ ನಾಳೆ ಯಾರೂ ತೀರಿಸುವುದಿಲ್ಲವಂತೆ. 2014-15ರಿಂದ ಹತ್ತು ವರ್ಷಗಳಲ್ಲಿ ಬ್ಯಾಂಕುಗಳು 16.35 ಲಕ್ಷ ಕೋಟಿ ರೂಪಾಯಿ ಸುಸ್ತಿ ಸಾಲವನ್ನು ಲೆಕ್ಕದ ಪುಸ್ತಕದಿಂದ ತೆಗೆದವೆಂದು ಸಂಸತ್ತಿಗೆ ತಿಳಿಸಲಾಗಿದೆ. ವಸೂಲಿಯ ಹಕ್ಕು ಉಳಿದೇ ಇದೆ ಎಂಬುದು ಇದಕ್ಕೆ ಸಿಗುವ ಮಾಮೂಲು ಸಮಜಾಯಿಷಿ. 2016ರ ದಿವಾಳಿ ಸಂಹಿತೆಯಡಿ ಇತ್ಯರ್ಥವಾದ ಕಂಪನಿಗಳ ಪ್ರಕರಣಗಳಲ್ಲಿ ಸಾಲಕೊಟ್ಟವರಿಗೆ ಸಿಕ್ಕಿದ್ದು ಕೇಳಿದ ಮೊತ್ತದ ಸುಮಾರು ಮೂರನೇ ಒಂದು ಭಾಗ. ಉಳಿದದ್ದನ್ನು ಬಿಟ್ಟುಕೊಡುವುದಕ್ಕೆ ಪರಿಹಾರ ಯೋಜನೆ ಎಂಬ ಗೌರವದ ಹೆಸರಿದೆ. ಆ ಮಾಲೀಕರ ಶಿಸ್ತು ಕೆಟ್ಟೀತೆಂದು ಯಾರ ನಿದ್ದೆಯೂ ಹಾಳಾಗಲಿಲ್ಲ.

ಸಾಲವನ್ನೇ ಕತ್ತರಿಸುವುದು ಹೊಸ ಹುಚ್ಚು ಆಲೋಚನೆಯೂ ಅಲ್ಲ. ಬಡ್ಡಿ ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟಿನ ನ್ಯಾಯ ಈ ದೇಶದ ಹಳೆಯ ವ್ಯವಹಾರದ್ದು. ರಾಜಾಜಿ ಸರ್ಕಾರದ 1938ರ ಮದರಾಸು ಕೃಷಿಕರ ಪರಿಹಾರ ಕಾಯ್ದೆ ಅದನ್ನೇ ನೆಚ್ಚಿ, ಹಳೆಯ ಸಾಲಗಳಲ್ಲಿ ಅಸಲಿನ ಎರಡರಷ್ಟನ್ನು ಕಟ್ಟಿದ ರೈತನ ಸಾಲ ಪೂರ್ತಿ ತೀರಿತೆಂದು ಸಾರಿತು. ರಾಜಾಜಿಯವರನ್ನು ಬಂಡವಾಳದ ವೈರಿ ಎಂದು ಯಾರೂ ಕರೆಯಲಾರರು. ದೇವರಾಜ ಅರಸರ ಕಾಲದಲ್ಲಿ, 1976ರಲ್ಲಿ, ಕರ್ನಾಟಕದ ಋಣ ಪರಿಹಾರ ಕಾಯ್ದೆ ಸಣ್ಣ ರೈತರ, ಭೂರಹಿತ ಕೂಲಿಗಳ ಸಾಲವನ್ನು ತೊಡೆದುಹಾಕಿ ಅಡವಿಟ್ಟ ಸಾಮಾನನ್ನು ವಾಪಸು ಕೊಡಿಸಿತು.

ಇಂದು ಮಾಡಬೇಕಾದದ್ದಕ್ಕೆ ಹೊಸ ಆಯೋಗದ ಅಗತ್ಯವಿಲ್ಲ. ದಾಮದುಪ್ಪಟ್ಟನ್ನು ಕಿರು ಹಣಕಾಸು ಕಂಪನಿಗಳಿಗೂ ಗಿರವಿ ಅಂಗಡಿಗಳಿಗೂ ಒಂದೇ ಸಮನೆ ಕಾನೂನಾಗಿ ವಿಧಿಸಬೇಕು. ಬಡ್ಡಿಯ ಮೇಲ್ಮಿತಿಯನ್ನು ಮತ್ತೆ ತರಬೇಕು. ಆದಾಯದ ಅರ್ಧವೆಂಬ ಅಳತೆಯನ್ನು ಎಸೆದು, ಊಟ, ಔಷಧಿ, ಶಾಲೆಯ ಖರ್ಚು ಕಳೆದು ಉಳಿದದ್ದರಲ್ಲಿ ಮಾತ್ರ ಕಂತನ್ನು ಲೆಕ್ಕ ಹಾಕಬೇಕು. ಈ ಲೆಕ್ಕ ತಪ್ಪಿಸಿ ಕೊಟ್ಟ ಸಾಲವನ್ನು ವಸೂಲಿ ಮಾಡುವ ಹಕ್ಕು ಕೊಟ್ಟವನಿಗೆ ಇರಬಾರದು. ಜಾಮೀನಿನ ಹೆಸರಿನಲ್ಲಿ ನೆರೆಯವಳಿಂದ ಕಂತು ಕೀಳುವುದು ನಿಲ್ಲಬೇಕು. ಸರ್ಕಾರ ತಡಮಾಡಿದ ಕೂಲಿಗೆ ಆ ಕೂಲಿಕಾರಳು ಗುಂಪಿಗೆ ಕಟ್ಟುವ ದರದಲ್ಲೇ ಬಡ್ಡಿ ಕಟ್ಟಲಿ. ಆಗ ಬಾಕಿ ಹದಿನೈದು ದಿನ ದಾಟುವುದಿಲ್ಲ. 2017ರಲ್ಲಿ ದಿನಕ್ಕೆ 176 ರೂಪಾಯಿ ಎಂದು ನಿಗದಿಯಾದ ರಾಷ್ಟ್ರೀಯ ತಳಮಟ್ಟದ ಕೂಲಿ ವರ್ಷಗಟ್ಟಲೆ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಬೇಡಿಕೆ ಬೇಕೆನ್ನುವವರು ಮೊದಲು ಎತ್ತಬೇಕಾದದ್ದು ಅದನ್ನು. ಕಂಪನಿಗಳು ಧಾರಾಳವಾಗಿ ಬಳಸಿಕೊಂಡ ದಿವಾಳಿ ಸಂಹಿತೆಯ ಮೂರನೇ ಭಾಗದಲ್ಲಿ ಬಡ ವ್ಯಕ್ತಿಗಳಿಗೂ ಹೊಸ ಆರಂಭ ಎಂಬ ಅವಕಾಶವಿದೆ: ವರ್ಷಕ್ಕೆ 60,000 ರೂಪಾಯಿಯೊಳಗಿನ ಆದಾಯ, 20,000ದೊಳಗಿನ ಆಸ್ತಿ, 35,000ದೊಳಗಿನ ಸಾಲ ಇರುವ, ಸ್ವಂತ ಮನೆಯಿಲ್ಲದವರ ಋಣ ರದ್ದಾಗಬಹುದು. 2016ರಲ್ಲೇ ಸಂಸತ್ತು ಒಪ್ಪಿದ ಈ ಭಾಗವನ್ನು 2019ರ ಡಿಸೆಂಬರ್‌ನಲ್ಲಿ ಜಾರಿಗೆ ತಂದದ್ದು ಕಂಪನಿಗಳಿಗೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಆ ಮಿತಿಗಳನ್ನು ಇಂದಿನ ಬೆಲೆಗೆ ತಕ್ಕಂತೆ ಏರಿಸಿ, ಅರ್ಜಿಯನ್ನು ತಾಲ್ಲೂಕು ಕಚೇರಿಯಲ್ಲಿ ತಮಿಳಿನಲ್ಲೋ ಕನ್ನಡದಲ್ಲೋ ಕೊಡುವಂತೆ ಮಾಡಿ, ಉಳಿದ ಭಾಗವನ್ನೂ ಜಾರಿಗೆ ತರಲು ಬೇಕಾದದ್ದು ಒಂದು ಸಣ್ಣ ತಿದ್ದುಪಡಿ ಮತ್ತು ರಾಜಪತ್ರದಲ್ಲಿ ಒಂದು ಅಧಿಸೂಚನೆ.